ಆ್ಯಬಿ ರೋಡ್: ಬೀಟಲ್ಸ್‌ಗಿಂತ ಹಿಂದಿನ ಕಥೆ

ಪ್ರಶ್ನೆ: ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೊದ ಕೀರ್ತಿಗೆ ಬೀಟಲ್ಸ್ ತಂಡವೊಂದೇ ಕಾರಣವೆ? ಅವರಿಗಿಂತ ಮೊದಲು ಅಲ್ಲಿ ಏನು ನಡೆಯುತ್ತಿತ್ತು?

ಉತ್ತರ: ಆ ಹೆಸರನ್ನು ಮನೆಮಾತಾಗಿಸಿದವರು ಬೀಟಲ್ಸ್ ಎಂಬುದು ನಿಜ. ಆದರೆ 1962ರ ಜೂನ್ 6ರಂದು ಅವರು ಮೊದಲ ಬಾರಿಗೆ ಅಲ್ಲಿ ಹಾಡುವ ಹೊತ್ತಿಗೆ ಸ್ಟುಡಿಯೊ ಆರಂಭವಾಗಿ ಮೂವತ್ತು ವರ್ಷ ಕಳೆದಿತ್ತು. ಗ್ರಾಮಫೋನ್ ಕಂಪನಿಯು 1929ರಲ್ಲಿ ಹಳೆಯ ವಾಸದ ಮನೆಯೊಂದನ್ನು ಕೊಂಡು, ಅದರ ಹಿಂದಿದ್ದ ತೋಟದಲ್ಲಿ ಪೂರ್ಣ ವಾದ್ಯವೃಂದ ಹಿಡಿಸುವಷ್ಟು ವಿಶಾಲವಾದ ಧ್ವನಿಮುದ್ರಣ ಕೋಣೆಯನ್ನು ಕಟ್ಟಿಸಿತು. 1931ರ ನವೆಂಬರ್ 12ರ ಉದ್ಘಾಟನೆಯಂದು ಲಂಡನ್ ಸಿಂಫನಿ ಆರ್ಕೆಸ್ಟ್ರಾವನ್ನು ನಿರ್ದೇಶಿಸಿದವರು ಇಂಗ್ಲಿಷ್ ಸಂಗೀತ ಸಂಯೋಜಕ ಎಡ್ವರ್ಡ್ ಎಲ್ಗರ್; ಮರುವರ್ಷ ಅವರದೇ ಪಿಟೀಲು ಕಾನ್ಸರ್ಟೊವನ್ನು (ಪಿಟೀಲು ಮತ್ತು ವಾದ್ಯವೃಂದಕ್ಕಾಗಿ ರಚಿಸಿದ ಕೃತಿ), ಅವರ ನಿರ್ದೇಶನದಲ್ಲೇ, ಯೆಹುದಿ ಮೆನುಹಿನ್ ಎಂಬ ಹದಿನಾರರ ಹರೆಯದ ಪಿಟೀಲುವಾದಕ ಅಲ್ಲಿ ನುಡಿಸಿದರು.

ಕಲಾವಿದರಷ್ಟೇ ಗೌರವ ಅಲ್ಲಿನ ಎಂಜಿನಿಯರುಗಳಿಗೂ ಸಲ್ಲಬೇಕೆಂದು ನಾನು ದೃಢವಾಗಿ ನಂಬಿದ್ದೇನೆ. ಗ್ರಾಮಫೋನ್ ಕಂಪನಿಯೂ ಸೇರಿ ರೂಪುಗೊಂಡ ಇಎಂಐ ಸಂಸ್ಥೆಯ ಎಂಜಿನಿಯರ್ ಅಲನ್ ಬ್ಲೂಮ್ಲೈನ್ 1931ರಲ್ಲೇ ಸ್ಟೀರಿಯೊ ಧ್ವನಿಗೆ, ಅಂದರೆ ಎಡಬಲಗಳಿಂದ ಬೇರೆಬೇರೆಯಾಗಿ ಕೇಳುವ ಧ್ವನಿಗೆ, ಪೇಟೆಂಟ್ ಅರ್ಜಿ ಸಲ್ಲಿಸಿದ್ದರು. 1934ರಲ್ಲಿ ಥಾಮಸ್ ಬೀಚಮ್ ಇಲ್ಲಿ ಮೊಜಾರ್ಟ್‌ನ ಸಿಂಫನಿಯನ್ನು ನಡೆಸುತ್ತಿದ್ದಾಗ ಅದನ್ನು ಬ್ಲೂಮ್ಲೈನ್ ಪ್ರಾಯೋಗಿಕವಾಗಿ ಸ್ಟೀರಿಯೊದಲ್ಲಿ ಮುದ್ರಿಸಿಯೂ ತೋರಿಸಿದರು. ಸ್ಟೀರಿಯೊ ಎಲ್‌ಪಿ ತಟ್ಟೆಗಳು ಮಾರುಕಟ್ಟೆಗೆ ಬಂದದ್ದು 1950ರ ದಶಕದ ಕೊನೆಗೆ. ಅದನ್ನು ಕಾಣಲು ಬ್ಲೂಮ್ಲೈನ್ ಇರಲಿಲ್ಲ. 1942ರಲ್ಲಿ, ರಾಡಾರ್ ಪರೀಕ್ಷೆಗೆಂದು ಹಾರಿದ್ದ ವಿಮಾನ ಅಪಘಾತಕ್ಕೀಡಾಗಿ ಅವರು ತೀರಿಕೊಂಡಿದ್ದರು.

ಬೀಟಲ್ಸ್ ಕಾಲದಲ್ಲಿಯೂ ಇದೇ ಪರಂಪರೆ ಮುಂದುವರಿಯಿತು. ಅವರ ಮೊದಲ ಆಲ್ಬಮ್‌ನ ಹತ್ತು ಹಾಡುಗಳು 1963ರ ಫೆಬ್ರುವರಿ 11ರ ಒಂದೇ ದಿನದಲ್ಲಿ ಮುಗಿದಿದ್ದವು. ಮೂರೇ ವರ್ಷಗಳಲ್ಲಿ ಅವರಿಗೆ ಸ್ಟುಡಿಯೊವೇ ಒಂದು ವಾದ್ಯವಾಯಿತು. ದನಿಗೆ ತುಂಬು ಬರಲೆಂದು ಗಾಯಕರು ಅದೇ ಸಾಲನ್ನು ಎರಡನೆಯ ಬಾರಿ ಹಾಡಿ ಮೊದಲಿನದರ ಮೇಲೆ ಸೇರಿಸುವುದು ಆಗಿನ ರೂಢಿ. ಬೀಟಲ್ಸ್‌ನ ಗಾಯಕ ಜಾನ್ ಲೆನನ್‌ಗೆ ಅದು ಬೇಸರದ ಕೆಲಸ. ಎಂಜಿನಿಯರ್ ಕೆನ್ ಟೌನ್‌ಸೆಂಡ್ 1966ರಲ್ಲಿ ಇನ್ನೊಂದು ಟೇಪ್ ಯಂತ್ರವನ್ನು ಜೋಡಿಸಿ, ಅದರ ವೇಗವನ್ನು ತುಸುವೇ ಏರಿಳಿಸಿ, ಒಮ್ಮೆ ಹಾಡಿದ್ದೇ ಎರಡು ಕಂಠಗಳಂತೆ ಕೇಳುವ ಉಪಾಯವನ್ನು ಕಂಡುಹಿಡಿದರು.

ಅಂದಹಾಗೆ, ಆಗಿನ್ನೂ ಸ್ಟುಡಿಯೊದ ಹೆಸರು ಇಎಂಐ ಸ್ಟುಡಿಯೋಸ್. ಬೀಟಲ್ಸ್ 1969ರಲ್ಲಿ ತಮ್ಮ ಆಲ್ಬಮ್‌ಗೆ ಸ್ಟುಡಿಯೊ ಇರುವ ಬೀದಿಯ ಹೆಸರಾದ ‘ಆ್ಯಬಿ ರೋಡ್’ ಎಂದು ಹೆಸರಿಟ್ಟ ಬಳಿಕವೇ ಸಂಸ್ಥೆಯೂ ಆ ಹೆಸರನ್ನು ತನ್ನದಾಗಿಸಿಕೊಂಡಿತು. 1980ರಿಂದ ಚಲನಚಿತ್ರಗಳ ಹಿನ್ನೆಲೆ ಸಂಗೀತವೂ ಅಲ್ಲಿ ದೊಡ್ಡ ಪ್ರಮಾಣದಲ್ಲಿ ಮುದ್ರಣವಾಗುತ್ತಿದ್ದು, ವಾದ್ಯವೃಂದಕ್ಕೆಂದು ಕಟ್ಟಿದ ಆ ಮೊದಲ ಕೋಣೆ ಇಂದಿಗೂ ಅದೇ ಕೆಲಸದಲ್ಲಿದೆ. 2010ರಲ್ಲಿ ಬ್ರಿಟಿಷ್ ಸರ್ಕಾರವು ಕಟ್ಟಡಕ್ಕೆ ಸಂರಕ್ಷಿತ ಸ್ಥಾನವನ್ನು ನೀಡಿರುವುದರಿಂದ, ಒಡೆಯರು ಬದಲಾದರೂ ಅನುಮತಿಯಿಲ್ಲದೆ ಅದರ ಸ್ವರೂಪವನ್ನು ಬದಲಿಸುವಂತಿಲ್ಲ.