ರೊಟ್ಟಿ ಯಂತ್ರಕ್ಕೆ ಸಾಲ ಮಾಡಬಹುದೇ?

ಪ್ರಶ್ನೆ: ಅಕ್ಕಾ, ನಮ್ಮ ಸಂಜೀವಿನಿ ಮಹಿಳಾ ಸ್ವಸಹಾಯ ಸಂಘದಲ್ಲಿ ಹನ್ನೆರಡು ಮಂದಿ. ನಾಲ್ವರು ಮನೆಯಲ್ಲೇ ಖಡಕ್ ರೊಟ್ಟಿ ಬಡಿದು ಗದಗಿನ ಖಾನಾವಳಿಗಳಿಗೆ ಕೊಡುತ್ತೇವೆ. ಊರಿಗೆ ಬಂದ ಒಬ್ಬರು, ‘ಆರು ಲಕ್ಷದ ಯಂತ್ರ ತಗೊಳ್ಳಿ, ಸಣ್ಣ ಆಹಾರ ಘಟಕಗಳಿಗೆ ನೆರವಾಗುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯ ಸಬ್ಸಿಡಿ ಕೈಗೇ ಬರುತ್ತದೆ, ಅರ್ಜಿ ಹಾಕಲು ಐದು ಸಾವಿರ ಕೊಡಿ’ ಎನ್ನುತ್ತಿದ್ದಾರೆ. ಕೊಡೋಣವೇ?
– ಓದುಗರು, ರೋಣ ತಾಲ್ಲೂಕು

ಉತ್ತರ: ಬೇಡ ತಂಗೀ, ಐದು ರೂಪಾಯಿಯನ್ನೂ ಕೊಡಬೇಡಿ. ಅರ್ಜಿ ತುಂಬಿಸಿ ಬ್ಯಾಂಕಿಗೆ ಓಡಾಡಲೆಂದೇ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ಅವರ ಶುಲ್ಕವನ್ನು ಯೋಜನೆಯೇ ಕೊಡುತ್ತದೆ. ಕೃಷಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ಕೇಂದ್ರದ್ದು ಶೇ 35, ನಮ್ಮ ರಾಜ್ಯದ್ದು ಶೇ 15, ಆರು ಲಕ್ಷಕ್ಕೆ ಮೂರು ಲಕ್ಷ ಸಬ್ಸಿಡಿ ಎನ್ನುವುದು ಖರೆ. ಆದರೆ ಅದು ಬ್ಯಾಂಕಿನಲ್ಲೇ ಇರುತ್ತದೆ. ಕಂತು ತಪ್ಪದೆ ಮೂರು ವರ್ಷ ಘಟಕ ನಡೆಸಿದ ಮೇಲೆ ಸಾಲಕ್ಕೆ ಜಮಾ ಆಗುತ್ತದೆ. ಮೊದಲಿಗೆ ಶೇ 10, ಅಂದರೆ 60,000 ರೂಪಾಯಿ ನೀವೇ ಹಾಕಬೇಕು.

ನಾನು ಹದಿನಾಲ್ಕು ವರ್ಷ ಸಂಘಗಳ ಲೆಕ್ಕ ಬರೆದವಳು. ಒಂದು ಸಂಘ ಹೀಗೇ ಯಂತ್ರ ತಂದಿತು. ಕೈಯಲ್ಲಿ ಬಡಿಯುವಾಗ ಹಿಟ್ಟು ಹಳತೋ ಹೊಸತೋ ಬೆರಳಿಗೇ ಗೊತ್ತಾಗುತ್ತದೆ. ಜಿಗಿ ಕಡಿಮೆ ಎನಿಸಿದರೆ ಇನ್ನಷ್ಟು ಎಸರು ಹಾಕಿ ನಾದುತ್ತೇವೆ. ಯಂತ್ರಕ್ಕೆ ಅದೆಲ್ಲಿ ತಿಳಿಯಬೇಕು? ಅಂಚು ಸೀಳಿದ ರೊಟ್ಟಿ ಬುಟ್ಟಿಗಟ್ಟಲೆ ಬಿದ್ದವು. ದಿನಾ ಹೊಸ ಹಿಟ್ಟು ಬೀಸಿಸೋಣವೆಂದರೆ ಜೋಳಕ್ಕೆ ರೊಕ್ಕವಿಲ್ಲ, ಇದ್ದದ್ದೆಲ್ಲ ಯಂತ್ರಕ್ಕೆ ಹೋಗಿತ್ತು. ಕಂತು ಕಟ್ಟಲು ಒಬ್ಬಾಕೆ ಬೆಂಡೋಲೆ ಬಿಚ್ಚಿ ನನ್ನ ಲೆಕ್ಕದ ಪುಸ್ತಕದ ಮೇಲಿಟ್ಟಳು. ಅದನ್ನು ನಾನು ಮರೆತಿಲ್ಲ.

ಅದೇ ಯೋಜನೆಯಲ್ಲಿ ಇನ್ನೊಂದು ಸಹಾಯವಿದೆ, ಯಂತ್ರ ಮಾರುವವರು ಅದರ ಸುದ್ದಿ ಎತ್ತುವುದಿಲ್ಲ. ಆಹಾರ ತಯಾರಿಸುವ ಸಂಘದ ಸದಸ್ಯೆಗೆ 40,000 ರೂಪಾಯಿವರೆಗೆ ಬೀಜಧನ, ಅಂದರೆ ಕಚ್ಚಾ ಸಾಮಾನಿಗೆ, ಸಣ್ಣ ಸಲಕರಣೆಗೆ ಕೊಡುವ ಹಣ. ಸಂಘಗಳ ಒಕ್ಕೂಟದ ಮೂಲಕ ಸಾಲವಾಗಿ ಬರುತ್ತದೆ. ನೀವು ತೀರಿಸಿದ ಹಣ ಮತ್ತೊಬ್ಬ ಹೆಣ್ಣುಮಗಳಿಗೆ ಹೋಗುತ್ತದೆ. ನಾಲ್ವರಿಗೂ ಪೂರ್ತಿ ಸಿಕ್ಕರೆ 1.60 ಲಕ್ಷ. ಸುಗ್ಗಿಯಲ್ಲಿ ದರ ಇಳಿದಾಗ ಜೋಳ ತುಂಬಿಟ್ಟುಕೊಳ್ಳಿ. ಎರಡು ದೊಡ್ಡ ಹಂಚು, ಮಳೆಗಾಲದಲ್ಲಿ ರೊಟ್ಟಿ ಮೆತ್ತಗಾಗದಂತೆ ಬಿಗಿ ಮುಚ್ಚಳದ ಡಬ್ಬಿ ಕೊಳ್ಳಿ. ಯಂತ್ರದ ಮಾತು ಆಮೇಲೆ.

ಇವತ್ತೇ ಒಂದು ನೋಟ್‌ಬುಕ್ ತೆಗೆದು ಜೋಳ, ಬೀಸುವ ಕೂಲಿ, ಕಟ್ಟಿಗೆ, ಬಸ್ಸಿನ ಲಗೇಜ್ ಚಾರ್ಜು ಬರೆಯುತ್ತ ಹೋಗಿ. ಒಲೆ ಮುಂದೆ ಕೂತ ನಿಮ್ಮ ನಾಲ್ವರ ಕೂಲಿಯನ್ನೂ ಬರೆಯಿರಿ, ಅದನ್ನು ಎಲ್ಲರೂ ಬಿಡುತ್ತಾರೆ. ಮೂರು ತಿಂಗಳಾದ ಮೇಲೆ ನೂರು ರೊಟ್ಟಿಗೆ ಎಷ್ಟು ಉಳಿಯಿತೆಂದು ನನಗೆ ತಿಳಿಸಿ.