ಮಸ್ಕ್ ಹೇಳಿದ ಎಐ ಯುದ್ಧದ ಮಾತು, ಮಗಳ ಚರ್ಚಾಸ್ಪರ್ಧೆಗೆ

ಇಲಾನ್ ಮಸ್ಕ್ 'ಎಐನಿಂದ (ಕೃತಕ ಬುದ್ಧಿಮತ್ತೆಯಿಂದ) ಮಹಾಯುದ್ಧ ಖಚಿತ' ಅಂತ ಕನ್ನಡದಲ್ಲೇ ಹೇಳುವ ವಿಡಿಯೋದ ಮಾತನ್ನು ಮಗಳು ಚರ್ಚಾಸ್ಪರ್ಧೆಯ ಭಾಷಣಕ್ಕೆ ಸೇರಿಸಿದ್ದಾಳೆ ಅಂದ್ರಲ್ಲ, ಅದು ಬಹುಶಃ ಹಳೆಯ ಮಾತಿಗೆ ಉಪ್ಪುಖಾರ ಹಚ್ಚಿ ಧ್ವನಿ ಸೇರಿಸಿದ್ದು. ನೋಡದೆ ಖಡಾಖಂಡಿತವಾಗಿ ಹೇಳಲಾರೆ. ಆದರೂ ಮಗಳ ಭಾಷಣದಿಂದ ಮೊದಲು ಅದನ್ನು ತೆಗೆಸಿ. ಬದಲಿಗೆ 2017ರ ಸೆಪ್ಟೆಂಬರ್‌ನ ಅವರ ಟ್ವೀಟ್ ಹುಡುಕಿ. ಎಐನಲ್ಲಿ ಮೇಲುಗೈಗಾಗಿ ದೇಶಗಳ ಪೈಪೋಟಿಯೇ ಮೂರನೇ ಮಹಾಯುದ್ಧಕ್ಕೆ ಕಾರಣವಾಗುವ ಸಾಧ್ಯತೆ ಜಾಸ್ತಿ ಅಂತ ಅದರಲ್ಲಿದೆ, ತಮ್ಮ ಅಭಿಪ್ರಾಯ ಅಂತಲೇ ಬರೆದಿದ್ದಾರೆ. ಅದನ್ನು ಭವಿಷ್ಯವಾಣಿ ಮಾಡಬೇಡಿ.

ಆಮೇಲೆ 2023ರಲ್ಲಿ ಮಸ್ಕ್ ಮಾಡಿದ್ದನ್ನೂ ಸೇರಿಸಿ. ದೊಡ್ಡ ಎಐಗಳ ತರಬೇತಿಯನ್ನು 6 ತಿಂಗಳು ನಿಲ್ಲಿಸಿ ಎಂಬ ಮಾರ್ಚ್‌ನ ಪತ್ರಕ್ಕೆ ಸಹಿ ಹಾಕಿದವರು, ಜುಲೈನಲ್ಲಿ ತಮ್ಮದೇ ಎಐ ಕಂಪನಿ ಎಕ್ಸ್‌ಎಐ ಘೋಷಿಸಿದರು. ಹಾಸನದಲ್ಲಿ ಮಕ್ಕಳನ್ನು ಚರ್ಚೆಗೆ ತಯಾರು ಮಾಡುವಾಗ ನೋಡಿದ್ದೇನೆ, ವಿರೋಧದ ತಂಡ ಹಿಡಿಯೋದು ಹೇಳಿದ್ದೊಂದು ಮಾಡಿದ್ದೊಂದು ಅನ್ನೋ ಇಂಥದ್ದನ್ನೇ. ಅವಳೇ ಮೊದಲು ಹೇಳಿಬಿಡಲಿ.