ಲ್ಯಾಬಿನ 40 ಕಂಪ್ಯೂಟರುಗಳಿಗೆ ಏನೆಂದು ಹೆಸರಿಡಲಿ? ಅಂಡರ್‌ಸ್ಕೋರ್ ಬಳಸಬಹುದೇ? ಕನ್ನಡ ಹೆಸರು ನಡೆಯುತ್ತದೆಯೇ?

ಅಂಡರ್‌ಸ್ಕೋರ್ ಬೇಡ. ಕನ್ನಡ ಹೆಸರು ಧಾರಾಳವಾಗಿ ಇಡಿ, ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ, ಅದೂ ಸ್ವಲ್ಪ ಆಲೋಚಿಸಿ. ನಾನು ಆಲೋಚಿಸದೆ ಇಟ್ಟು ಎರಡು ಸಲ ಪಾಠ ಕಲಿತಿದ್ದೇನೆ.

ಮೊದಲು ಮೀರಲಾಗದ ನಿಯಮಗಳು. ಹೆಸರಿನಲ್ಲಿ ಎ-ಯಿಂದ ಝಡ್‌ವರೆಗಿನ ಅಕ್ಷರಗಳು, ಅಂಕಿಗಳು ಮತ್ತು ಅಡ್ಡಗೆರೆ (ಹೈಫನ್) ಮಾತ್ರ ಇರಬೇಕು. ಅಡ್ಡಗೆರೆ ಮೊದಲಲ್ಲೂ ಬರಬಾರದು, ಕೊನೆಯಲ್ಲೂ ಬರಬಾರದು. ದೊಡ್ಡಕ್ಷರಕ್ಕೂ ಚಿಕ್ಕಕ್ಷರಕ್ಕೂ ಭೇದವಿಲ್ಲ. ಇಂಟರ್ನೆಟ್ಟಿನ ನಿಯಮಗಳನ್ನು ಬರೆದಿಡುವ ಕಡತಗಳಿಗೆ ಆರ್‌ಎಫ್‌ಸಿ ಎನ್ನುತ್ತಾರೆ. 1985ರ ಆರ್‌ಎಫ್‌ಸಿ 952ರ ಪ್ರಕಾರ ಹೆಸರು ಅಂಕಿಯಿಂದ ಶುರುವಾಗುವಂತಿರಲಿಲ್ಲ. 1989ರ ಆರ್‌ಎಫ್‌ಸಿ 1123 ಆ ಕಟ್ಟನ್ನು ಸಡಿಲಿಸಿತು. ಹೆಸರು ಹೇಳಿದರೆ ಯಂತ್ರದ ವಿಳಾಸ ಹುಡುಕಿಕೊಡುವ ವ್ಯವಸ್ಥೆಯಾದ ಡಿಎನ್‌ಎಸ್‌ನಲ್ಲಿ ಎರಡು ಚುಕ್ಕೆಗಳ ನಡುವಿನ ಒಂದು ತುಂಡಿಗೆ 63 ಅಕ್ಷರಗಳ ಮಿತಿ. ಅಂಡರ್‌ಸ್ಕೋರ್ ಡಿಎನ್‌ಎಸ್‌ನೊಳಗೆ ಬೇರೆ ಕೆಲಸಕ್ಕೆ ಬಳಕೆಯಲ್ಲಿದೆ, ಆದ್ದರಿಂದ ಕೆಲವು ತಂತ್ರಾಂಶಗಳು ಅದನ್ನು ಕಂಪ್ಯೂಟರಿನ ಹೆಸರಿನಲ್ಲೂ ಸುಮ್ಮನೆ ಒಪ್ಪಿಕೊಳ್ಳುತ್ತವೆ. ಇನ್ನು ಕೆಲವು ಒಪ್ಪುವುದಿಲ್ಲ. ಆ ತಂಟೆಯೇ ಬೇಡ.

63 ಎಂದು ಓದಿ ಹಿಗ್ಗಬೇಡಿ. ನಿಮ್ಮಲ್ಲಿರುವುದು ವಿಂಡೋಸ್ ಆದರೆ ನಿಜವಾದ ಮಿತಿ 15. ಕಚೇರಿಯೊಳಗಿನ ನೆಟ್‌ವರ್ಕ್‌ನಲ್ಲಿ ಯಂತ್ರಗಳು ಒಂದನ್ನೊಂದು ಗುರುತಿಸಲು ಬಳಸುವ ಹಳೆಯ ನೆಟ್‌ಬಯಾಸ್ ಹೆಸರಿಗೆ 16 ಬೈಟ್‌ಗಳ ಜಾಗ, ಅದರಲ್ಲಿ ಕೊನೆಯದು ಸೇವೆಯ ಗುರುತಿಗೆ ಮೀಸಲು. ನಾನು ಹೊಸಬನಾಗಿದ್ದಾಗ ಒಂದು ಕಚೇರಿಯಲ್ಲಿ ‘ಅಕೌಂಟ್ಸ್-ಸೆಕ್ಷನ್-01’, ‘ಅಕೌಂಟ್ಸ್-ಸೆಕ್ಷನ್-02’ ಎಂದು ಇಂಗ್ಲಿಷಿನಲ್ಲಿ ಚೆಂದವಾಗಿ ಬರೆದುಕೊಂಡು ಹೋದೆ. ಹೆಸರು ಮೊಟಕಾಗುತ್ತದೆ ಎಂದು ವಿಂಡೋಸ್ ಎಚ್ಚರಿಸಿತು. ಓದದೆ ‘ಸರಿ’ ಒತ್ತಿದೆ. ಹದಿನೈದಕ್ಕೆ ಕತ್ತರಿಸಿದಾಗ ‘ಸೆಕ್ಷನ್’ ಪದದ ಕೊನೆಯ ಅಕ್ಷರವೂ ಹೋಯಿತು, ಅದರ ಹಿಂದಿದ್ದ ಸಂಖ್ಯೆಯೂ ಹೋಯಿತು. ಎಲ್ಲ ಕಂಪ್ಯೂಟರುಗಳಿಗೂ ಒಂದೇ ಹೆಸರು! ಇದೇ ಹೆಸರಿನ ಇನ್ನೊಂದು ಯಂತ್ರ ನೆಟ್‌ವರ್ಕ್‌ನಲ್ಲಿದೆ ಎಂಬ ಸಂದೇಶ ಮೇಜಿನಿಂದ ಮೇಜಿಗೆ ಕಾಣಿಸಿಕೊಂಡಿತು. ಬದಲಾಗುವ ಭಾಗ ಹದಿನೈದರೊಳಗೇ ಇರಬೇಕು ಎಂದು ಅಂದು ತಿಳಿಯಿತು.

ಎರಡನೆಯ ಪಾಠ ನದಿಗಳದ್ದು. ಆರು ಸರ್ವರುಗಳಿಗೆ ನಮ್ಮ ನದಿಗಳ ಹೆಸರಿಟ್ಟೆ. ಕಿವಿಗೆ ಇಂಪಾಗಿತ್ತು. ಆಮೇಲೆ ಫೋನುಗಳು ಶುರುವಾದವು: “ಸಾರ್, ಶರಾವತಿಯಲ್ಲಿ ಟಿ ಆದ ಮೇಲೆ ಎಚ್ ಇದೆಯೋ ಇಲ್ಲವೋ?” ನೇತ್ರಾವತಿಗೆ ಅದೇ ಗೊಂದಲ ಎರಡೆರಡು ಕಡೆ. ಕಾವೇರಿಯಾದರೂ ಸಲೀಸು ಅಂದುಕೊಂಡರೆ ಅರ್ಧ ಜನ ಕೆ ಹಾಕಿದರು, ಉಳಿದರ್ಧ ಜನ ಸಿ-ಯಿಂದ ಶುರುಮಾಡಿ ಹಳೆಯ ಕಾಗುಣಿತ ಬರೆದರು. ಕಂಪ್ಯೂಟರಿನ ಹೆಸರನ್ನು ಒಬ್ಬರು ಹೇಳುತ್ತಾರೆ, ಇನ್ನೊಬ್ಬರು ಟೈಪ್ ಮಾಡುತ್ತಾರೆ. ಹಾಗಾಗಿ ಫೋನಿನಲ್ಲಿ ಒಮ್ಮೆ ಹೇಳಿದರೆ ಆಚೆಯವರು ತಪ್ಪಿಲ್ಲದೆ ಬರೆಯುವ ಹೆಸರನ್ನಷ್ಟೇ ನಾನೀಗ ಇಡುತ್ತೇನೆ. ದೀರ್ಘ ಸ್ವರ, ಮಹಾಪ್ರಾಣ, ತ-ಥ-ದ-ಧ ಇರುವ ಪದಗಳೆಲ್ಲ ಅಪಾಯಕಾರಿ. ಹುಲಿ, ನರಿ, ಮೊಲ, ಕರಡಿ, ನವಿಲು, ಕುರಿ – ಇವನ್ನು ಇಂಗ್ಲಿಷಿನಲ್ಲಿ ಬರೆಯಲು ಹೆಚ್ಚು ದಾರಿಗಳಿಲ್ಲ. ಪ್ರಾಂಶುಪಾಲರ ಮೇಜಿಗೆ ಕುರಿ ಹೋಗದಂತೆ ಮಾತ್ರ ನೋಡಿಕೊಳ್ಳಿ.

ಕನ್ನಡ ಲಿಪಿಯಲ್ಲೇ ಬರೆದರೇನು ಎಂದು ನೀವು ಕೇಳಬಹುದು. ‘.ಭಾರತ’ ಎಂಬ ಕನ್ನಡ ಡೊಮೇನ್ ಇದ್ದೇ ಇದೆ. ಆದರೆ ಒಳಗೆ ಅದು, ಬೇರೆ ಲಿಪಿಗಳನ್ನು ಇಂಗ್ಲಿಷ್ ಅಕ್ಷರಗಳಿಗೆ ಇಳಿಸುವ ಪ್ಯುನಿಕೋಡ್ ಎಂಬ ವಿಧಾನದ ಮೂಲಕ, ‘ಎಕ್ಸ್‌ಎನ್’ ಮತ್ತು ಎರಡು ಅಡ್ಡಗೆರೆಗಳಿಂದ ಶುರುವಾಗುವ ಇಂಗ್ಲಿಷ್ ಅಕ್ಷರಗಳ ಗೋಜಲಾಗಿಯೇ ಓಡಾಡುತ್ತದೆ. ಏನಾದರೂ ಕೆಟ್ಟಾಗ ಲಾಗ್‌ನಲ್ಲಿ ನೀವು ಓದಬೇಕಾಗುವುದು ಆ ಗೋಜಲನ್ನು.

ಇಷ್ಟಾದರೂ 40 ಯಂತ್ರಗಳಿಗೆ 40 ಪ್ರಾಣಿಗಳನ್ನು ಹುಡುಕಲು ಹೋಗಬೇಡಿ. ಲ್ಯಾಬಿಗೆ ‘ಲ್ಯಾಬ್1-01’ ಇಂದ ‘ಲ್ಯಾಬ್1-40’ ಸಾಕು. ಸೊನ್ನೆ ಬಿಡಬೇಡಿ, ಬಿಟ್ಟರೆ ಪಟ್ಟಿಯಲ್ಲಿ 1ರ ಬೆನ್ನಿಗೆ 10 ಬಂದು ಕೂರುತ್ತದೆ. ಪ್ರಾಣಿಗಳು ಸರ್ವರುಗಳಿಗಿರಲಿ. ಬಳಸುವವರ ಹೆಸರನ್ನಂತೂ ಯಂತ್ರಕ್ಕೆ ಇಡಲೇಬೇಡಿ. ಅವರಿಗೆ ವರ್ಗವಾಗುತ್ತದೆ, ಯಂತ್ರ ಇಲ್ಲೇ ಉಳಿಯುತ್ತದೆ. ಸರ್ವರಿಗೆ ಅದರ ಕೆಲಸದ ಹೆಸರೂ ಬೇಡ. ಯಂತ್ರದ ಹೆಸರು ‘ನರಿ’ ಎಂದಿರಲಿ, ಡಿಎನ್‌ಎಸ್‌ನಲ್ಲಿ ಸಿನೇಮ್ ದಾಖಲೆ ಬರೆದು ಅದಕ್ಕೆ ‘ಪ್ರಿಂಟ್’ ಎಂಬ ಅಡ್ಡಹೆಸರು ಕೊಡಿ. ನಾಳೆ ಆ ಕೆಲಸ ಕರಡಿಗೆ ಹೋದರೆ ಅಡ್ಡಹೆಸರನ್ನು ಅತ್ತ ತಿರುಗಿಸಿದರಾಯಿತು, ಯಾರೂ ಏನನ್ನೂ ಹೊಸದಾಗಿ ಕಲಿಯಬೇಕಿಲ್ಲ. 1990ರಲ್ಲಿ ಇದೇ ವಿಷಯದ ಮೇಲೆ ಬಂದ ಆರ್‌ಎಫ್‌ಸಿ 1178 ಇನ್ನೊಂದು ತಮಾಷೆಯ ಎಚ್ಚರಿಕೆ ಕೊಡುತ್ತದೆ: ಯಂತ್ರಕ್ಕೆ ‘ಅಪ್’ ಎಂಬಂಥ ಹೆಸರು ಇಡಬೇಡಿ. ‘ಅಪ್ ಡೌನ್ ಆಗಿದೆಯೇ’ ಎಂದರೆ ಕೇಳಿದವನು ಏನೆಂದುಕೊಳ್ಳಬೇಕು?

ಒಳಗಿನ ಡೊಮೇನಿಗೆ ‘.ಲೋಕಲ್’ ಬೇಡ, ಅದು ಡಿಎನ್‌ಎಸ್ ಸರ್ವರಿಲ್ಲದೆಯೇ ಯಂತ್ರಗಳು ಒಂದನ್ನೊಂದು ಹೆಸರಿನಿಂದ ಹುಡುಕುವ ಎಂಡಿಎನ್‌ಎಸ್‌ಗೆ ಮೀಸಲು. ಕಾಲೇಜಿಗೆ ಸ್ವಂತ ಡೊಮೇನ್ ಇದ್ದರೆ ಅದರಡಿಯಲ್ಲೇ ಒಂದು ಕವಲು ಮಾಡಿಕೊಳ್ಳಿ.

ಹೆಸರಿಟ್ಟ ದಿನವೇ ಚೀಟಿ ಬರೆದು ಸಿಪಿಯು ಡಬ್ಬಿಗೆ ಅಂಟಿಸಿ, ಮಾನಿಟರಿಗಲ್ಲ. ಮಾನಿಟರುಗಳು ಮೇಜಿನಿಂದ ಮೇಜಿಗೆ ಅಲೆಯುತ್ತಿರುತ್ತವೆ.